ಬಜೆ ಗಿಡದ ಎಲೆ ತುದಿ ಒಣಗುತ್ತಿದೆ. ಬೆಳೆಸುವುದು, ಬೇರು ಕೀಳುವುದು, ಬಳಸುವುದು ಹೇಗೆ?

ಹಸಿರೆಲೆ

ಎಲ್ಲರಿಗೂ ನಮಸ್ಕಾರ. ಚಳಿಗಾಲ ಮುಗಿಯುವ ಹೊತ್ತಿಗೆ ಗೆಳತಿಯೊಬ್ಬಳು ಬಜೆಯ ಎರಡು ತುಂಡು ಬೇರು ಕೊಟ್ಟಳು. ಇಷ್ಟು ಗಟ್ಟಿ ಗಿಡ ಇನ್ನೊಂದಿಲ್ಲ, ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ ಅಂದಿದ್ದಳು. ಉಳಿದ ಗಿಡಗಳಿಗೆ ಹಾಕುವ ಹಾಗೇ ಮರಳು ಬೆರೆಸಿದ ಮಣ್ಣು ತುಂಬಿ, ಎತ್ತರದ ಕುಂಡದಲ್ಲಿ ನೆಟ್ಟೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಾ ಬಂದೆ. ಹತ್ತು ಹನ್ನೆರಡು ದಿನಕ್ಕೆ ಚಿಗುರಿತು. ಒಂದು ಗೇಣು ಬೆಳೆದು ಅಲ್ಲಿಗೇ ನಿಂತುಬಿಟ್ಟಿತು. ಈಗ ಎಲೆ ತುದಿ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗುತ್ತಿದೆ. ಗೊಬ್ಬರ ಕಮ್ಮಿಯಾಯಿತೇನೋ ಅಂತ ಎರಡು ಹಿಡಿ ಹಾಕಿದೆ. ಇನ್ನೂ ಕೆಟ್ಟಿತು.

ಇದು ಯಾಕೆ ಹೀಗೆ ಸೊರಗುತ್ತಿದೆ? ಬೇರು ಯಾವಾಗ ಕೀಳಬೇಕು? ಕಿತ್ತ ಮೇಲೆ ಮನೆಯಲ್ಲಿ ಹೇಗೆ ಬಳಸಬಹುದು? ಬೆಳೆಸಿದವರು ದಯವಿಟ್ಟು ಹೇಳಿ.

ಕೆಸರುಗದ್ದೆ

ಹಸಿರೆಲೆ ಅವರೇ, ನಿಮ್ಮ ಗಿಡಕ್ಕೆ ಬಾಯಾರಿಕೆ ಆಗಿದೆ, ಅಷ್ಟೇ. ರೋಗ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ.

ಬಜೆ ಜೌಗಿನಲ್ಲಿ ಹುಟ್ಟಿ ಬೆಳೆಯುವ ಗಿಡ. ಕೆರೆ ಅಂಚು, ಹಳ್ಳದ ದಡ, ನೀರು ನಿಲ್ಲುವ ತಗ್ಗು, ಇಂಥ ಕಡೆ ತಾನಾಗಿ ಹಬ್ಬುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು ಅಂತ ಬೇರೆ ಗಿಡಗಳಿಂದ ನಾವು ಕಲಿತಿರುತ್ತೇವಲ್ಲ, ಇದಕ್ಕೆ ಅದು ಪೂರ್ತಿ ಉಲ್ಟಾ. ಬುಡ ಸದಾ ಕೆಸರಾಗಿಯೇ ಇರಬೇಕು. ಮರಳು ಮಣ್ಣಲ್ಲಿ ಬೆಳಿಗ್ಗೆ ಹಾಕಿದ ಒಂದು ಚೊಂಬು ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಗಿಡ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಒಣಮಣ್ಣಿಗೆ ಗೊಬ್ಬರ ಸುರಿದರೆ ಬೇರು ಸುಡುತ್ತದೆ. ಅದಕ್ಕೇ ಇನ್ನೂ ಕೆಟ್ಟಿದ್ದು.

ಹೀಗೆ ಮಾಡಿ ನೋಡಿ. ಅಗಲವಾದ ಟಬ್ ತೆಗೆದುಕೊಳ್ಳಿ. ಒಂದೂವರೆ ಅಡಿ ಅಗಲ, ಒಂದಡಿ ಆಳ ಇದ್ದರೆ ಸಾಕು. ತಳದಲ್ಲಿ ತೂತು ಬೇಡ. ಅಗಲ ಯಾಕೆ ಅಂದರೆ, ಬಜೆಯ ಬೇರು ಕೆಳಕ್ಕೆ ಇಳಿಯುವುದಿಲ್ಲ, ಅಡ್ಡಕ್ಕೆ ಹರಿಯುತ್ತದೆ. ನಾವು ಬೇರು ಅನ್ನುವುದು ನಿಜವಾಗಿ ಮಣ್ಣೊಳಗಿನ ಕಾಂಡ, ಶುಂಠಿಯ ಹಾಗೆ. ನಿಜವಾದ ಬೇರು ಅದರ ಹೊಟ್ಟೆಯಡಿ ದಾರದ ಹಾಗೆ ನೇತಾಡುತ್ತಿರುತ್ತದೆ. ಕಿರಿದಾದ ಕುಂಡದಲ್ಲಿ ಈ ಕಾಂಡ ಬೇಗನೆ ಗೋಡೆಗೆ ತಾಗಿ, ದಾರಿ ಕಾಣದೆ ಸುತ್ತು ಹಾಕಲು ಶುರು ಮಾಡುತ್ತದೆ.

ಮುಕ್ಕಾಲು ಪಾಲು ಜೇಡಿಮಣ್ಣು, ಕಾಲು ಪಾಲು ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ಹಸಿ ಗೊಬ್ಬರ ಬೇಡವೇ ಬೇಡ, ನಿಂತ ನೀರಲ್ಲಿ ಕೊಳೆತು ನಾರುತ್ತದೆ. ಬೆರಳುದ್ದದ ತುಂಡಿನಲ್ಲಿ ಒಂದಾದರೂ ಮೊಳಕೆ ಇರಲಿ. ಮೊಳಕೆ ಮೇಲೆ ಬರುವ ಹಾಗೆ ಅಡ್ಡಡ್ಡ ಮಲಗಿಸಿ, 4-5 ಸೆಂ.ಮೀ. ಮಣ್ಣು ಮುಚ್ಚಿ. ನೆಲದಲ್ಲಿ ನೆಡುವುದಾದರೆ ಗಿಡದಿಂದ ಗಿಡಕ್ಕೆ ಒಂದಡಿ ಬಿಡಿ. ಮೊದಮೊದಲು ಮಣ್ಣು ಕೆಸರಾಗಿದ್ದರೆ ಸಾಕು. ಚಿಗುರು ಒಂದು ಗೇಣು ಎದ್ದ ಮೇಲೆ ಮಣ್ಣಿನ ಮೇಲೆ 5 ಸೆಂ.ಮೀ. ನೀರು ನಿಲ್ಲಿಸಿ. ದೊಡ್ಡದಾದ ಮೇಲೆ 10 ಸೆಂ.ಮೀ. ತನಕ ನಿಂತರೂ ತೊಂದರೆ ಇಲ್ಲ. ಎಳೆ ಚಿಗುರನ್ನು ಮಾತ್ರ ಮುಳುಗಿಸಬೇಡಿ.

ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಕತ್ತರಿಸಿ ಹಾಕಿ. ಹೊಸ ಎಲೆ ನಡುವಿನಿಂದ ಬರುತ್ತದೆ.

ನೀರುಗುಂಡಿ

ನೀರು ನಿಲ್ಲಿಸಿದರೆ ಸೊಳ್ಳೆ ಆಗಲ್ವಾ? ನನಗೆ ಅದೊಂದೇ ಚಿಂತೆ.

ಕೆಸರುಗದ್ದೆ

ಆಗುತ್ತದೆ, ಸುಮ್ನೆ ಬಿಟ್ಟರೆ ಖಂಡಿತ ಆಗುತ್ತದೆ. ಎರಡು ದಾರಿ ಇದೆ. ಟಬ್ ದೊಡ್ಡದಿದ್ದರೆ ಎರಡು ಮೂರು ಗಪ್ಪಿ ಮೀನು ಬಿಡಿ, ಮರಿಹುಳುಗಳನ್ನು ತಿಂದು ಮುಗಿಸುತ್ತವೆ. ಚಿಕ್ಕದಾದರೆ ನೀರು ನಿಲ್ಲಿಸಲೇಬೇಕು ಅಂತೇನಿಲ್ಲ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಸಣ್ಣ ಜಲ್ಲಿ ಹರಡಿ, ನೀರಿನ ಮಟ್ಟ ಜಲ್ಲಿಯೊಳಗೇ ಇರುವ ಹಾಗೆ ನೋಡಿಕೊಳ್ಳಿ. ಮೇಲೆ ನೀರು ಕಾಣಬಾರದು, ಬೆರಳು ಒತ್ತಿದರೆ ತಗುಲಬೇಕು. ನಾನು ಎರಡನೆಯದನ್ನೇ ಮಾಡುತ್ತೇನೆ. ಗಿಡ ಅಷ್ಟೇ ಸೊಂಪಾಗಿದೆ.

ಬೇಲಿಹೂವು

ನನ್ನ ಹತ್ತಿರ ಇರುವ ಗಿಡ ನೋಡಿ ಹೇಳ್ತೀರಾ ಅಣ್ಣ? ಕತ್ತಿ ಹಾಗೆ ಉದ್ದ ಎಲೆ, ನೀರಲ್ಲೇ ಇದೆ, ಚೆನ್ನಾಗಿ ಹಬ್ಬಿದೆ. ಬಜೆ ಅಂತಲೇ ಹೇಳಿ ಕೊಟ್ಟಿದ್ದರು. ಹೋದ ತಿಂಗಳು ದೊಡ್ಡ ದೊಡ್ಡ ಹಳದಿ ಹೂ ಬಿಟ್ಟಿತು, ನೋಡಲು ಬಲು ಚಂದ. ಬೇರು ಕಿತ್ತು ಒಣಗಿಸೋಣ ಅಂದುಕೊಂಡಿದ್ದೇನೆ.

ಕೆಸರುಗದ್ದೆ

ಬೇಲಿಹೂವು ಅವರೇ, ಕೀಳಬೇಡಿ, ಸ್ವಲ್ಪ ನಿಲ್ಲಿ. ಬಜೆಗೆ ದೊಡ್ಡ ಹಳದಿ ಹೂ ಬರುವುದೇ ಇಲ್ಲ.

ಒಂದು ಎಲೆಯನ್ನು ಬುಡದ ಹತ್ತಿರ ಮುರಿದು, ಹೆಬ್ಬೆರಳು ತೋರುಬೆರಳ ನಡುವೆ ಚೆನ್ನಾಗಿ ಹಿಚುಕಿ ಮೂಸಿ. ಬಜೆಯಾದರೆ ವಾಸನೆ ಥಟ್ಟನೆ ಏಳುತ್ತದೆ. ಸಿಹಿ, ಖಾರ, ಸ್ವಲ್ಪ ಕರ್ಪೂರ ಸೇರಿದಂಥ ವಾಸನೆ. ಕೈ ತೊಳೆದರೂ ಹೊತ್ತು ಹೋಗುವ ತನಕ ಬೆರಳಲ್ಲಿ ಇರುತ್ತದೆ. ಸಂಸ್ಕೃತದಲ್ಲಿ ಇದನ್ನು ಉಗ್ರಗಂಧಾ ಅಂತ ಕರೆದದ್ದು ಸುಮ್ಮನೆ ಅಲ್ಲ. ಬರೀ ಹುಲ್ಲಿನ ವಾಸನೆ ಬಂದರೆ ಅದು ಬಜೆ ಅಲ್ಲ.

ಎಲೆಯನ್ನು ಬೆಳಕಿಗೆ ಹಿಡಿದೂ ನೋಡಿ. ಬಜೆಯ ಎಲೆಯಲ್ಲಿ ಒಂದು ದಪ್ಪ ನರ ಉದ್ದಕ್ಕೂ ಓಡುತ್ತದೆ, ಸರಿಯಾಗಿ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಎಷ್ಟೋ ಎಲೆಗಳ ಒಂದು ಅಂಚು ನೆರಿಗೆ ಹಿಡಿದ ಹಾಗೆ ಸುಕ್ಕಾಗಿರುತ್ತದೆ. ಹೂ ಬಂದರೂ ಹೂ ಅಂತ ಗೊತ್ತಾಗುವುದಿಲ್ಲ. ಎಲೆಯಂಥದ್ದೇ ಒಂದು ದಂಟಿನ ಪಕ್ಕದಿಂದ ಕಿರುಬೆರಳಿನಷ್ಟು ಉದ್ದದ ಹಸಿರು ಹಳದಿ ಗೊಂಡೆ ಓರೆಯಾಗಿ ಚಾಚಿಕೊಂಡಿರುತ್ತದೆ. ಅದರ ಮೈಮೇಲೆ ಸಣ್ಣ ಸಣ್ಣ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ.

ನಿಮ್ಮದು ಹಳದಿ ಐರಿಸ್ ಅಂತ ನನಗೆ ಅನ್ನಿಸುತ್ತದೆ. ಅದರ ಶಾಸ್ತ್ರೀಯ ಹೆಸರೇ ಐರಿಸ್ ಸೂಡಕೋರಸ್, ಅಂದರೆ ಸುಳ್ಳು ಬಜೆ. ಅದರ ಗೆಡ್ಡೆ ವಿಷ. ಹೊಟ್ಟೆಗೆ ಹೋದರೆ ವಾಂತಿ ಭೇದಿ ಆಗುತ್ತದೆ, ರಸ ತಾಗಿದರೆ ಕೆಲವರ ಚರ್ಮ ಉರಿಯುತ್ತದೆ. ಹೂವಿಗಾಗಿ ಇಟ್ಟುಕೊಳ್ಳಿ, ಮದ್ದಿಗೆ ಬೇಡ.

ಬೇಲಿಹೂವು

ಈಗಷ್ಟೇ ಮುರಿದು ಮೂಸಿದೆ. ಏನೂ ವಾಸನೆ ಇಲ್ಲ, ಬರೀ ಹುಲ್ಲು. ನರವೂ ನೀವು ಹೇಳಿದ ಹಾಗೆ ಇಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ, ನಾಳೆಯೇ ಕೀಳಬೇಕು ಅಂತಿದ್ದೆ.

ಪುಟ್ಟನ ಅಮ್ಮ

ನಾನು ಗಿಡ ಬೆಳೆಸಿದವಳಲ್ಲ, ಒಂದು ಪ್ರಶ್ನೆ ಕೇಳಲು ಬಂದೆ. ನನ್ನ ಮಗನಿಗೆ ಎರಡೂವರೆ ವರ್ಷ. ಅಮ್ಮ, ಬಾ, ಬೇಡ, ಇಷ್ಟೇ ಮಾತು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬೇಗ ಬರುತ್ತದೆ ಅಂತ ಹಿರಿಯರು ಹೇಳುತ್ತಿದ್ದಾರೆ. ಕೆಸರುಗದ್ದೆ ಅವರ ಗಿಡದ ಒಂದು ತುಂಡು ಬೇರು ಸಿಕ್ಕರೆ ಕೊಡಬಹುದಾ? ಎಷ್ಟು ಹಚ್ಚಬೇಕು?

ಕೆಸರುಗದ್ದೆ

ಅಮ್ಮಾ, ಬೇರು ಕೇಳಿದರೆ ನಾನು ಯಾರಿಗೂ ಇಲ್ಲ ಅಂದವನಲ್ಲ. ಆದರೆ ಮಗುವಿನ ಬಾಯಿಗೆ ಅಂದರೆ ಕೊಡುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಕಾರಣವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ಸಾರಪುಡಿ ಮೇಡಂ, ಇದನ್ನು ನೋಡಿದರೆ ಬರೀರಿ.

ಸಾರಪುಡಿ

ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ಬಜೆಯ ಸಂಸ್ಕೃತ ಹೆಸರು ವಚಾ. ಮಾತಿಗೂ ಈ ಬೇರಿಗೂ ನಂಟು ಅಂತ ಜನ ನಂಬಿದ್ದು ತುಂಬಾ ಹಳೆಯ ಕಾಲದಿಂದ. ಆ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಬೇರೊಳಗೆ ಏನಿದೆ ಅಂತ ಈಗ ನಮಗೆ ಗೊತ್ತು. ಗೊತ್ತಿದ್ದೂ ಹೇಳದೆ ಇರಲಾರೆ.

ಬೇರಿನ ವಾಸನೆ ಅದರ ಎಣ್ಣೆಯಿಂದ ಬರುತ್ತದೆ. ಆ ಎಣ್ಣೆಯ ಒಂದು ಮುಖ್ಯ ಅಂಶ ಬೀಟಾ ಅಸರೋನ್. ಜಮ್ಮು ಬಜೆಯ ಎಣ್ಣೆ ಬೆರೆಸಿದ ಆಹಾರವನ್ನು ಇಲಿಗಳಿಗೆ ದೀರ್ಘಕಾಲ ಕೊಟ್ಟಾಗ ಸಣ್ಣಕರುಳಿನಲ್ಲಿ ಗೆಡ್ಡೆ ಬೆಳೆದದ್ದು ಕಂಡುಬಂತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1968ರಲ್ಲಿ ಬಜೆ, ಅದರ ಎಣ್ಣೆ, ಅದರ ಸಾರ ಮೂರನ್ನೂ ಆಹಾರದಲ್ಲಿ ಬಳಸಬಾರದು ಅಂತ ನಿಷೇಧಿಸಿತು. ಯುರೋಪು ಪೂರ್ತಿ ನಿಷೇಧಿಸಲಿಲ್ಲ, ಆದರೆ ಮದ್ಯದಲ್ಲಿ ಒಂದು ಕಿಲೋಗೆ 1 ಮಿ.ಗ್ರಾಂ. ಬೀಟಾ ಅಸರೋನ್ ದಾಟುವಂತಿಲ್ಲ ಅಂತ ಮಿತಿ ಹಾಕಿದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಎಲ್ಲ ಬಜೆಯೂ ಒಂದೇ ಅಲ್ಲ. ಗಿಡದ ಜೀವಕೋಶದೊಳಗೆ ಕ್ರೋಮೋಸೋಮುಗಳು ಕಂತೆ ಕಂತೆಯಾಗಿ ಇರುತ್ತವೆ. ಉತ್ತರ ಅಮೆರಿಕದ ಬಜೆಯಲ್ಲಿ ಎರಡು ಕಂತೆ, ಒಟ್ಟು 24. ಅದರಲ್ಲಿ ಬೀಟಾ ಅಸರೋನ್ ಇಲ್ಲ. ಯುರೋಪಿನಲ್ಲಿ ಬೆಳೆಯುವುದು ಮೂರು ಕಂತೆಯದು, 36. ಅದರಲ್ಲಿ ಸ್ವಲ್ಪ ಇದೆ. ಏಷ್ಯಾದ ಹಲವು ಕಡೆ ಸಿಗುವ ನಾಲ್ಕು ಕಂತೆಯದರಲ್ಲಿ, 48, ಎಣ್ಣೆಯ ಮುಕ್ಕಾಲು ಪಾಲು ಇದೇ ಇರಬಹುದು. ಮೂರೂ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮೂಸಿ ನೋಡಿ, ಎಲೆ ಅಳೆದು ಇದರಲ್ಲಿ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಪ್ರಯೋಗಾಲಯದಲ್ಲೇ ನೋಡಬೇಕು.

ಅಂದಮೇಲೆ ಎಷ್ಟು ಹಚ್ಚಬೇಕು ಅನ್ನುವ ನಿಮ್ಮ ಪ್ರಶ್ನೆಗೆ ಉತ್ತರ ಎಲ್ಲಿಂದ ತರಲಿ? ಕಲ್ಲಿನ ಮೇಲೆ ಎರಡು ಸುತ್ತು ತೇಯ್ದರೆ ಎಷ್ಟು ಬಂತು, ನಾಲ್ಕು ಸುತ್ತಿಗೆ ಎಷ್ಟು, ಯಾರಿಗೂ ಗೊತ್ತಾಗುವುದಿಲ್ಲ. ಆಯುರ್ವೇದದಲ್ಲೂ ಇದರ ಪುಡಿಯ ಲೆಕ್ಕ ಮಿಲಿಗ್ರಾಮಿನಲ್ಲಿ. ಗ್ರಾಂ ಲೆಕ್ಕಕ್ಕೆ ಹೋದರೆ ಅದು ವಾಂತಿ ಮಾಡಿಸುವ ಮದ್ದು. ದೊಡ್ಡವರೇ ಬೇರು ಜಾಸ್ತಿ ತಿಂದು ಗಂಟೆಗಟ್ಟಲೆ ವಾಂತಿ ಮಾಡಿಕೊಂಡದ್ದಿದೆ. ಮಗುವಿನ ಪುಟ್ಟ ಮೈಗೆ ಅದು ಹೇಗೆ ತಡೆಯುತ್ತದೆ?

ಇನ್ನು ಮುಖ್ಯವಾದ ಮಾತು. ಎರಡೂವರೆ ವರ್ಷಕ್ಕೆ ಮೂರೇ ಪದ ಅಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಗು ಸದ್ದಿಗೆ ತಿರುಗಿ ನೋಡಿದರೂ ಮಾಡಿಸಿ. ಮಧ್ಯಕಿವಿಯಲ್ಲಿ ದ್ರವ ತುಂಬಿಕೊಂಡರೆ ದೊಡ್ಡ ಸದ್ದು ಕೇಳುತ್ತದೆ, ಮಾತಿನ ಸಣ್ಣ ಸಣ್ಣ ಅಕ್ಷರ ಮಸುಕಾಗುತ್ತದೆ. ಕೇಳದ್ದನ್ನು ಮಗು ಹೇಗೆ ಹೇಳೀತು? ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮಾತಿನ ತರಬೇತಿ ಕೊಡುವವರನ್ನೂ ಕೇಳಿ. ಬಜೆ ಹಚ್ಚಿ ಆರು ತಿಂಗಳು ಕಾದರೆ ಆ ಆರು ತಿಂಗಳು ವಾಪಸ್ ಬರುವುದಿಲ್ಲ.

ಹಳೆಬೇರು

ಮೇಡಂ, ಇಲಿಗೆ ಕೊಟ್ಟ ಪ್ರಮಾಣ ಎಲ್ಲಿ, ನಾಲಿಗೆ ತುದಿಗೆ ಹಚ್ಚುವ ಚಿಟಿಕೆ ಎಲ್ಲಿ? ನಮ್ಮ ಮನೆಯಲ್ಲಿ ಎಲ್ಲರಿಗೂ ಹಚ್ಚಿದ್ದಾರೆ, ನಾವೆಲ್ಲ ಚೆನ್ನಾಗೇ ಇದ್ದೇವೆ. ತಲೆಮಾರುಗಳ ಅನುಭವಕ್ಕೆ ಬೆಲೆ ಇಲ್ವಾ?

ಸಾರಪುಡಿ

ಬೆಲೆ ಇದೆ ಹಳೆಬೇರು ಅವರೇ. ಹೊಟ್ಟೆಯುಬ್ಬರಕ್ಕೆ, ಕಫಕ್ಕೆ ಬಜೆ ಉಪಕಾರಿ ಅಂತ ಒಬ್ಬರನ್ನೊಬ್ಬರು ಕಾಣದ ಜನ ಬೇರೆ ಬೇರೆ ಖಂಡಗಳಲ್ಲಿ ಕಂಡುಕೊಂಡಿದ್ದಾರೆ. ಉತ್ತರ ಅಮೆರಿಕದ ಕ್ರೀ ಜನ ಗಂಟಲು ನೋವಿಗೆ ಇದರ ಬೇರು ಅಗಿಯುತ್ತಾರೆ. ಆದರೆ ಅವರ ಗಿಡ ಎರಡು ಕಂತೆಯದು, ನೆನಪಿರಲಿ.

ಇಲಿಗೆ ಕೊಟ್ಟ ಪ್ರಮಾಣ ದೊಡ್ಡದು ಅನ್ನುವುದೂ ನಿಜ. ಅನುಭವಕ್ಕೆ ಒಂದು ಮಿತಿ ಇದೆ. ತಿಂದ ಅರ್ಧ ಗಂಟೆಗೆ ವಾಂತಿಯಾದರೆ ಅನುಭವ ಕಲಿಸುತ್ತದೆ. ಇಪ್ಪತ್ತು ವರ್ಷದ ನಂತರ ಆಗುವ ಕೆಡುಕನ್ನು ಯಾವ ಬೇರಿನಿಂದ ಬಂತು ಅಂತ ಯಾವ ಮನೆಯೂ ಲೆಕ್ಕ ಇಡಲು ಆಗುವುದಿಲ್ಲ. ದೊಡ್ಡವರು ತಮ್ಮ ಮೈಗೆ ತಾವು ತೀರ್ಮಾನ ಮಾಡಿಕೊಳ್ಳಬಹುದು, ಅದೂ ತಿಳಿದ ವೈದ್ಯರನ್ನು ಕೇಳಿ. ಮಗು, ಬಸುರಿ, ಬಾಣಂತಿ, ಈ ಮೂವರಿಗೆ ಬೇಡವೇ ಬೇಡ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಡ. ಅಸರೋನ್ ಮಂಪರು ತರುವ ಮದ್ದುಗಳ ಬಲ ಹೆಚ್ಚಿಸುವುದು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ.

ಹಳೆಬೇರು

ಬಸುರಿಗೆ ಬೇಡ ಅನ್ನುವುದು ನಮ್ಮಲ್ಲೂ ಹೇಳುತ್ತಿದ್ದರು. ಕಂತೆಯ ವಿಷಯ ಗೊತ್ತಿರಲಿಲ್ಲ. ಯೋಚನೆ ಮಾಡುತ್ತೇನೆ.

ಪುಟ್ಟನ ಅಮ್ಮ

ಓದಿ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಮೆಲ್ಲಗೆ ಕರೆದರೆ ಅವನು ತಿರುಗುವುದಿಲ್ಲ, ಆಟದಲ್ಲಿ ಮುಳುಗಿದ್ದಾನೆ ಅಂದುಕೊಳ್ಳುತ್ತಿದ್ದೆ. ಕಿವಿ ಪರೀಕ್ಷೆಗೆ ಹೆಸರು ಬರೆಸಿದ್ದೇನೆ, ಮುಂದಿನ ವಾರ. ಮೇಡಂ, ನಿಮಗೆ ಹೇಗೆ ಹೇಳಲಿ.

ನೀರುಗುಂಡಿ

ಹಾಗಾದರೆ ಹೊಟ್ಟೆಗೆ ಬೇಡ ಅಂದರೆ ಬೆಳೆಸಿ ಏನು ಪ್ರಯೋಜನ? ನಿಜವಾಗಿ ಕೇಳುತ್ತಿದ್ದೇನೆ.

ಕೆಸರುಗದ್ದೆ

ತುಂಬಾ ಇದೆ ಸ್ವಾಮಿ. ನಾನು ಹೊಟ್ಟೆಗೆ ತೆಗೆದುಕೊಳ್ಳುವುದೇ ಇಲ್ಲ, ಆದರೂ ಟಬ್ ಬಿಟ್ಟಿಲ್ಲ.

ಮೊದಲನೆಯದು ಹುಳ. ಒಣಗಿದ ಬೇರಿನ ತುಂಡುಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ಬಟ್ಟೆ ಕಪಾಟಿನಲ್ಲಿ, ಪುಸ್ತಕದ ಸಾಲಿನ ಹಿಂದೆ ಇಡುತ್ತೇನೆ. ಉಣ್ಣೆ ಬಟ್ಟೆಗೆ ಹುಳ ಬೀಳುವುದು ನಿಂತಿದೆ. ಇದು ಬರೀ ವಾಸನೆಯ ಕೆಲಸ ಅಲ್ಲ. ಬೀಟಾ ಅಸರೋನ್ ಕೀಟಗಳು ಸಂತಾನ ಬೆಳೆಸದ ಹಾಗೆ ಮಾಡುತ್ತದೆ ಅಂತ 1977ರಲ್ಲೇ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಮಗುವಿಗೆ ಕೊಡಬೇಡಿ ಅಂದ ಅದೇ ಅಂಶ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿತ್ತನೆ ಬೀಜದ ಡಬ್ಬಿಯಲ್ಲೂ ಹಾಕುತ್ತೇನೆ. ತಿನ್ನುವ ಕಾಳಿಗೆ ಮಾತ್ರ ಬೆರೆಸುವುದಿಲ್ಲ.

ಇನ್ನು ಎಣ್ಣೆ. ಜಜ್ಜಿದ ಬೇರನ್ನು ಎಳ್ಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿ, ಕೆಲಸ ಮಾಡಿ ದಣಿದ ದಿನ ಮಂಡಿಗೆ ತಿಕ್ಕಿಕೊಳ್ಳುತ್ತೇನೆ. ನನಗೆ ಹಿತ ಅನ್ನಿಸುತ್ತದೆ. ಕೆಲವರಿಗೆ ಚರ್ಮ ಕೆಂಪಾಗುತ್ತದೆ. ಮೊದಲು ಮುಂಗೈಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡಿ. ಗಾಯದ ಮೇಲೆ ಬೇಡ.

ಮತ್ತೆ ಗಿಡದ ಅಂದ. ಎದೆಯೆತ್ತರ ಬೆಳೆದ ಬಜೆಯ ಸಾಲಿನ ಮೇಲೆ ಗಾಳಿ ಹಾದುಬಂದರೆ ಮನೆಯೊಳಗೂ ಗೊತ್ತಾಗುತ್ತದೆ.

ಬೇಲಿಹೂವು

ಅಣ್ಣ, ಇದರ ಬೀಜ ಸಿಗುತ್ತದಾ? ನಿಜವಾದ ಬಜೆ ಬೆಳೆಸಬೇಕು ಅಂತ ಆಸೆ ಆಗಿದೆ.

ಸಾರಪುಡಿ

ಮೂರು ಕಂತೆಯ ಗಿಡ ಬೀಜ ಕಟ್ಟುವುದೇ ಇಲ್ಲ. ಯುರೋಪಿನ ಕೆರೆಗಳ ತುಂಬ ಇರುವ ಬಜೆ ಎಲ್ಲ ಹರಡಿದ್ದು ಬೇರಿನ ತುಂಡಿನಿಂದಲೇ. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ 1574ರಲ್ಲಿ ಪೂರ್ವದಿಂದ ತರಿಸಿದ ಬೇರನ್ನು ವಿಯೆನ್ನಾದಲ್ಲಿ ನೆಟ್ಟು ಬೆಳೆಸಿ, ಬೇರೆ ಕಡೆಗೂ ಹಂಚಿದ. ಪೋಲೆಂಡಿನಲ್ಲಿ ಇದಕ್ಕೆ ತತಾರಾಕ್ ಅಂತ ಹೆಸರು, ತಾತಾರರು ಎಂಬ ಪೂರ್ವದ ಜನರ ಗಿಡ ಅಂತ ಅರ್ಥ ಬರುವ ಹಾಗೆ. ಹಿಮ ಬಿದ್ದು ಕೆರೆ ಹೆಪ್ಪುಗಟ್ಟಿದರೆ ಎಲೆ ಸಾಯುತ್ತದೆ, ಕೆಸರಡಿಯ ಬೇರು ಸಾಯುವುದಿಲ್ಲ. ಹಾಗಾಗಿ ಬೀಜ ಹುಡುಕಬೇಡಿ. ಎಲೆ ಮುರಿದು ಮೂಸಿ, ಖಾತ್ರಿಯಾದ ಗಿಡದಿಂದ ಒಂದು ತುಂಡು ಕೇಳಿ ಪಡೆಯಿರಿ.

ಹಸಿರೆಲೆ

ಕೆಸರುಗದ್ದೆ ಅವರೇ, ನೀವು ಹೇಳಿದ ಹಾಗೇ ಅಗಲ ಟಬ್ಬಿಗೆ ಬದಲಾಯಿಸಿದೆ. ಕುಂಡದಿಂದ ತೆಗೆದಾಗ ಬೇರು ನಿಜವಾಗಿಯೂ ಗೋಡೆಗೆ ತಾಗಿ ಬಾಗಿತ್ತು. ಮೂರು ವಾರದಲ್ಲಿ ನಡುವಿನಿಂದ ನಾಲ್ಕು ಹೊಸ ಎಲೆ ಬಂದಿದೆ, ಮೊಣಕಾಲೆತ್ತರ. ಒಂದು ತೊಂದರೆ: ಎಲೆಗಳು ಒಂದನ್ನೊಂದು ಅಪ್ಪಿಕೊಂಡಿರುವ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಾಣುತ್ತಿದೆ.

ಕೆಸರುಗದ್ದೆ

ಅದು ಹಿಟ್ಟುತಿಗಣೆ. ಬಜೆಗೆ ಬರುವ ಮುಖ್ಯ ಕಾಟ ಅದೇ. ಹಳೆಯ ಹಲ್ಲುಜ್ಜುವ ಬ್ರಶ್ ಅನ್ನು ಸೋಪಿನ ನೀರಲ್ಲಿ ಅದ್ದಿ ಎಲೆ ಬಿಡಿಸಿ ಉಜ್ಜಿ. ನಾಲ್ಕು ದಿನ ಬಿಟ್ಟು ಮತ್ತೆ ಮಾಡಿ, ಒಂದೇ ಸಲಕ್ಕೆ ಹೋಗುವುದಿಲ್ಲ. ಇರುವೆ ಹತ್ತುತ್ತಿದ್ದರೆ ಅದನ್ನೂ ತಡೆಯಿರಿ, ತಿಗಣೆಯನ್ನು ಹೊತ್ತು ತರುವುದು ಅವೇ. ಟಬ್ಬಿನಲ್ಲಿ ಮೀನು ಇದ್ದರೆ ಸೋಪು ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಬೇರು ಕೀಳುವುದು ಯಾವಾಗ ಅಂತ ಮೊದಲು ಕೇಳಿದ್ದಿರಿ, ಉತ್ತರ ಕೊಟ್ಟೇ ಇಲ್ಲ ನಾನು. ನೆಟ್ಟು ಹತ್ತರಿಂದ ಹನ್ನೆರಡು ತಿಂಗಳು ಬೇಕು. ಕೆಳಗಿನ ಎಲೆಗಳು ಹಳದಿಯಾಗಿ ಬೀಳಲು ಶುರುವಾದಾಗ ಗೊತ್ತಾಗುತ್ತದೆ. ಒಂದು ವಾರ ಮೊದಲು ನೀರು ಕಮ್ಮಿ ಮಾಡಿ. ಕಿತ್ತು ಎಳೆಯಬೇಡಿ, ಮುರಿಯುತ್ತದೆ. ಕೆಸರಿಗೆ ಕೈ ಇಳಿಸಿ, ಅಡಿಯಿಂದ ಎತ್ತಿ. ತೊಳೆದು, ದಾರದಂಥ ಬೇರುಗಳನ್ನು ಕತ್ತರಿಸಿ, ಎರಡು ಮೂರು ಇಂಚಿನ ತುಂಡು ಮಾಡಿ ನೆರಳಲ್ಲಿ ಒಣಗಿಸಿ. ಸಿಪ್ಪೆ ಹೆರೆಯಬೇಡಿ. ಎಣ್ಣೆ ಜಾಸ್ತಿ ಇರುವುದು ಹೊರಪದರದ ಹತ್ತಿರವೇ. ಮುರಿದರೆ ಟಕ್ ಅಂತ ಸದ್ದು ಬರಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಗಾಜಿನ ಡಬ್ಬಿಯಲ್ಲಿ ತುಂಡಾಗಿಯೇ ಇಡಿ. ಪುಡಿ ಮಾಡಿದರೆ ವಾಸನೆ ಬೇಗ ಹೋಗುತ್ತದೆ. ಡಬ್ಬಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಎಲ್ಲವನ್ನೂ ಕೀಳಬೇಡಿ. ಬೇರಿನ ತುದಿ ಕಡೆ, ಮೊಳಕೆ ಇರುವ ಕಡೆಯದನ್ನು ವಾಪಸ್ ಕೆಸರಿಗೆ ಹಾಕಿ. ಹಿಂದಿನ ಹಳೆಯ ಭಾಗ ನಿಮಗೆ, ಮುಂದಿನದು ಗಿಡಕ್ಕೆ.

ಹಸಿರೆಲೆ

ಮತ್ತೆ ಬಂದೆ. ಟಬ್ಬಿಗೆ ಹಾಕಿ ಹನ್ನೊಂದು ತಿಂಗಳಾಯಿತು. ಇವತ್ತು ಬೆಳಿಗ್ಗೆ ಒಂದು ಬದಿ ಕಿತ್ತೆ.

ಮೊಣಕೈ ತನಕ ಕೆಸರಿಗೆ ಇಳಿಸಿದಾಗ ಬೆರಳಿಗೆ ಮೊದಲು ತಗುಲಿದ್ದು ಗಂಟುಗಂಟಾದ ಹಗ್ಗದಂಥದ್ದು. ಎತ್ತಿ ತೊಳೆದೆ. ಹೆಬ್ಬೆರಳಿನ ದಪ್ಪ, ಮೇಲ್ಮೈ ಕಂದು ಗುಲಾಬಿ. ಎಲೆ ಉದುರಿದ ಕಡೆ ತ್ರಿಕೋನದ ಗುರುತುಗಳು ಒಂದರ ಮುಂದೆ ಒಂದು ಇವೆ. ಅಡಿಯಲ್ಲಿ ಬೇರು ಕತ್ತರಿಸಿದ ಕಡೆ ಚುಕ್ಕಿ ಚುಕ್ಕಿ, ಅಂಕುಡೊಂಕು ಸಾಲಾಗಿ. ಚಾಕು ಇಟ್ಟ ತಕ್ಷಣ ವಾಸನೆ ಎದ್ದಿತು ನೋಡಿ, ಪಕ್ಕದ ಕೋಣೆಯಲ್ಲಿದ್ದ ಮಗಳು ಏನಮ್ಮಾ ಅದು ಅಂತ ಓಡಿಬಂದಳು. ಒಳಗೆ ಬಿಳಿ, ಸ್ವಲ್ಪ ಸ್ಪಂಜಿನ ಹಾಗೆ.

ಹದಿನಾರು ತುಂಡು ಆಯಿತು, ಮೊರದಲ್ಲಿ ಹರಡಿ ನೆರಳಲ್ಲಿ ಇಟ್ಟಿದ್ದೇನೆ. ಉಣ್ಣೆ ಬಟ್ಟೆಯ ಕಪಾಟಿಗೆ ಮೊದಲು. ಮೊಳಕೆ ಇರುವ ಮೂರು ತುದಿ ಟಬ್ಬಿಗೆ ವಾಪಸ್ ಹೋಯಿತು. ಇನ್ನೊಂದು ತುದಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟಿದ್ದೇನೆ. ಬೇಲಿಹೂವು ಅವರೇ, ಅದು ನಿಮಗೆ. ಎಲೆ ಹಿಚುಕಿ ಮೂಸಿದ್ದೇನೆ, ಬಜೆಯೇ.